ಕಲ್ಯಾಣದ ಸಂಗೀತಶಾಸ್ತ್ರಜ್ಞ ದೊರೆ

ಸಂಗೀತವನ್ನು ಹಾಡಿ ನುಡಿಸುವ ಕಲೆಯಾಗಿಯಷ್ಟೇ ನೋಡದೆ, ಅದರ ನಾದ, ರಚನೆ, ಚರಿತ್ರೆ ಮತ್ತು ಸಾಮಾಜಿಕ ಬಳಕೆಗಳನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಜ್ಞಾನಶಾಖೆಗೆ ಸಂಗೀತಶಾಸ್ತ್ರವೆಂದು ಹೆಸರು. ಯುರೋಪಿನಲ್ಲಿ ಗೀಡೋ ಆಡ್ಲರ್ 1885ರಲ್ಲಿ ಇದರ ವ್ಯಾಪ್ತಿಯನ್ನು ನಿರೂಪಿಸಿದರು. ಆದರೆ ಇಂಥ ಪರಿಶೀಲನೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ರಾಜಧಾನಿಯಾಗಿದ್ದ ಅಂದಿನ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲೇ ನಡೆದಿತ್ತು.

ಆರನೆಯ ವಿಕ್ರಮಾದಿತ್ಯನ ಮಗನಾಗಿ ಸುಮಾರು 1126ರಲ್ಲಿ ಪಟ್ಟವೇರಿ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಭೂಲೋಕಮಲ್ಲ’ ಎಂಬ ಬಿರುದಿನ ಜೊತೆಗೆ ‘ಸರ್ವಜ್ಞ’ ಎಂಬ ಹೆಸರನ್ನೂ ಪಡೆದವನು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಹರಡಿರುವ ಅವನ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ವು ರಾಜನೀತಿಯಿಂದ ಅಡುಗೆಯವರೆಗಿನ ವಿಷಯಗಳನ್ನು ಒಳಗೊಂಡಿದ್ದು, ಗ್ರಹಗಣಿತಕ್ಕೆ ಆಧಾರವಾಗಿ ಅದರಲ್ಲಿ ಬಳಸಿರುವ ಶಕವರ್ಷ 1051ರಿಂದ ಅದರ ಕಾಲ ಕ್ರಿ.ಶ. 1129 ಎಂದು ತಿಳಿಯುತ್ತದೆ.

ಈ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯಗಳ ವಿವೇಚನೆಯಿದೆ. ಕಂಪಿಸುವುದು ತಂತಿಯೋ, ಬಿಗಿದ ಚರ್ಮವೋ, ಗಾಳಿಯೋ, ಘನವಸ್ತುವೋ ಎಂಬುದರ ಮೇಲೆ ವಾದ್ಯಗಳನ್ನು ತತ, ಅವನದ್ಧ, ಸುಷಿರ, ಘನ ಎಂದು ವಿಂಗಡಿಸುವ ಕ್ರಮವು ‘ನಾಟ್ಯಶಾಸ್ತ್ರ’ದಿಂದ ಈ ಪರಂಪರೆಗೆ ಬಂದದ್ದು; ನಾದದ ಉಗಮವನ್ನೇ ಆಧಾರವಾಗಿಸಿದ್ದರಿಂದ ಅದು ಭೌತವಿಜ್ಞಾನಕ್ಕೂ ಒಪ್ಪುತ್ತದೆ. ಬ್ರಸೆಲ್ಸ್‌ನ ವಸ್ತುಸಂಗ್ರಹಾಲಯದ ವಿಕ್ಟರ್ ಮಾಹಿಯೋ 1880ರಲ್ಲಿ ಭಾರತದ ಈ ಕ್ರಮವನ್ನು ಅನುಸರಿಸಿಯೇ ತಮ್ಮ ವಾದ್ಯಸೂಚಿಯನ್ನು ರಚಿಸಿದರು; ಹಾರ್ನ್‌ಬೋಸ್ಟೆಲ್ ಮತ್ತು ಸ್ಯಾಕ್ಸ್ 1914ರಲ್ಲಿ ಅದನ್ನು ವಿಸ್ತರಿಸಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಸೋಮೇಶ್ವರನ ವೈಶಿಷ್ಟ್ಯವಿರುವುದು ಯಾವ ಹಾಡನ್ನು ಯಾರು, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂಬುದನ್ನೂ ದಾಖಲಿಸಿದ್ದರಲ್ಲಿ. ಧಾನ್ಯ ಕುಟ್ಟುವಾಗ ತ್ರಿಪದಿ, ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಲ ಎಂದು ಅವನು ಗೀತಪ್ರಕಾರಗಳನ್ನು ಅವುಗಳ ಬಳಕೆಯೊಂದಿಗೆ ಜೋಡಿಸುತ್ತಾನೆ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಕಾಣಿಸುವ ತ್ರಿಪದಿಯು ಅಂಶಗಣಗಳಿಂದ, ಅಂದರೆ ಮಾತ್ರೆಗಳ ಕಟ್ಟುನಿಟ್ಟಾದ ಎಣಿಕೆಗಿಂತ ಗಾನದ ಲಯಕ್ಕೆ ಒಗ್ಗಿ ಹಿಗ್ಗಿ ಕುಗ್ಗುವ ಘಟಕಗಳಿಂದ, ಕಟ್ಟಿದ ಛಂದಸ್ಸಾಗಿದೆ. ಒಂದೇ ಒರಳಿನಲ್ಲಿ ಇಬ್ಬರು ಸರದಿಯಂತೆ ಒನಕೆ ಹಾಕುವಾಗ ಪೆಟ್ಟುಗಳ ನಡುವಿನ ಕಾಲ ಸಮನಾಗಿರಬೇಕಾದ್ದರಿಂದ, ಅಕ್ಷರಗಳನ್ನು ಎಳೆದೋ ಮೊಟಕಿಸಿಯೋ ಪೆಟ್ಟಿಗೆ ಹೊಂದಿಸಬಹುದಾದ ಇಂಥ ಛಂದಸ್ಸು ಆ ದುಡಿಮೆಗೆ ಸಹಜವಾಗಿ ಒದಗುತ್ತದೆ. ಹಾಡನ್ನು ಅದರ ಸಮಾಜದೊಳಗಿಟ್ಟು ನೋಡುವ ಈ ಬಗೆಗೆ ಆಧುನಿಕ ವಿದ್ವಾಂಸರು ಜನಾಂಗೀಯ ಸಂಗೀತಶಾಸ್ತ್ರವೆಂಬ ಪ್ರತ್ಯೇಕ ಹೆಸರು ಕೊಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ.

ಸೋಮೇಶ್ವರನ ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯನ್ನು ರಚಿಸಿ ತಂದೆಯ ವ್ಯಾಸಂಗವನ್ನು ಮುಂದುವರಿಸಿದನು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನು ತನ್ನ ಪೂರ್ವಾಚಾರ್ಯರ ಪಟ್ಟಿಯಲ್ಲಿ ಈ ತಂದೆ ಮಕ್ಕಳಿಬ್ಬರನ್ನೂ ಹೆಸರಿಸಿದ್ದಾನೆ. ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತಗಳೆರಡರ ವಿದ್ವಾಂಸರೂ ಶಾರ್ಙ್ಗದೇವನನ್ನು ಪ್ರಮಾಣವಾಗಿ ಸ್ವೀಕರಿಸುವುದರಿಂದ, ಒರಳಿನ ಹಾಡಿಗೂ ಆಸ್ಥಾನದ ಪ್ರಬಂಧಗೀತಕ್ಕೂ ಒಂದೇ ಗ್ರಂಥದಲ್ಲಿ ಎಡೆಗೊಟ್ಟ ಕಲ್ಯಾಣದ ಶಾಸ್ತ್ರಚಿಂತನೆಯು ಎರಡೂ ಪದ್ಧತಿಗಳ ಪೂರ್ವಚರಿತ್ರೆಗೆ ಸೇರುತ್ತದೆ.