ಮಳೆ ಬಂದರೆ ರೈಲು ಏಕೆ ನಿಲ್ಲುತ್ತದೆ?

ಚಂದಾಪುರ, ಚಿಂಚೋಳಿಗಳಿಗೆ ರೈಲು ಇಲ್ಲ. ಅಲ್ಲಿಂದ ಪರೀಕ್ಷೆಗೋ ಸಂದರ್ಶನಕ್ಕೋ ಹೈದರಾಬಾದಿಗೆ ರೈಲಿನಲ್ಲಿ ಹೋಗುವ ವಿದ್ಯಾರ್ಥಿಗಳು ಮೊದಲು ಬಸ್ಸಿನಲ್ಲಿ ತಾಂಡೂರಿಗೋ ಸೇಡಂಗೋ ಬರಬೇಕು. ಮಳೆಗಾಲದಲ್ಲಿ ಹೀಗೆ ಬಂದವರಿಗೆ ಕೆಲವೊಮ್ಮೆ ಕೇಳಿಬರುವುದು ಒಂದೇ ಮಾತು: ‘ತಾಂತ್ರಿಕ ಕಾರಣದಿಂದ ಗಾಡಿ ತಡವಾಗಿ ಬರಲಿದೆ.’ ಹಿಂದೆ ದೂರದರ್ಶನದಲ್ಲಿ ಚಿತ್ರ ನಿಂತುಹೋದರೆ ನಾವೂ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ ತೋರಿಸಿ ಸುಮ್ಮನಾಗುತ್ತಿದ್ದೆವು. ಕಾರಣವೇನೆಂದು ಹೇಳುತ್ತಿರಲಿಲ್ಲ. ರೈಲಿನ ಮಟ್ಟಿಗಾದರೂ ಆ ಕಾರಣವನ್ನು ಈಗ ನೋಡೋಣ.

ಮುಂಬೈ ಕಡೆಯಿಂದ ಬಂದ ರೈಲುಮಾರ್ಗ 1871ರಲ್ಲಿ ರಾಯಚೂರನ್ನು ತಲುಪಿತು. ಅದರ ಮೇಲಿನ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ಮಾರ್ಗ 1874ರಲ್ಲಿ ತೆರೆಯಿತು. ಹೀಗೆ ವಾಡಿಯಲ್ಲಿ ಮೂರು ದಿಕ್ಕಿನ ಗಾಡಿಗಳು ಕೂಡುತ್ತವೆ. ಈ ಪ್ರದೇಶದ ಸಿಮೆಂಟ್ ಕಾರ್ಖಾನೆಗಳ ಸರಕುಗಾಡಿಗಳೂ ಇದೇ ಹಳಿಗಳ ಮೇಲೆ ಓಡುತ್ತವೆ. ಸೇಡಂ ಬಳಿ ಒಂದು ಗಾಡಿ ಅರ್ಧ ಗಂಟೆ ನಿಂತರೆ ಅದರ ಹಿಂದಿನ ಗಾಡಿ ಚಿತ್ತಾಪುರದಲ್ಲಿ, ಅದರ ಹಿಂದಿನದು ವಾಡಿಯಲ್ಲಿ ನಿಲ್ಲಬೇಕಾಗುತ್ತದೆ. ವಾಡಿಯಲ್ಲಿ ಪ್ಲಾಟ್‌ಫಾರಂ ಖಾಲಿಯಾಗದಿದ್ದರೆ, ಹನಿ ಮಳೆಯೂ ಬೀಳದ ಶಹಾಬಾದಿನಲ್ಲಿ ಸೋಲಾಪುರದ ಕಡೆಯ ಗಾಡಿ ಕಾಯಬೇಕಾಗಬಹುದು.

ಮೊದಲ ಗಾಡಿ ನಿಂತದ್ದೇಕೆ? ಎಷ್ಟೋ ಸಲ ಅದನ್ನು ನಿಲ್ಲಿಸುವುದು ಕೆಂಪು ಸಿಗ್ನಲ್. ಹಳಿಯನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಗದಲ್ಲಿಯೂ ಅಲ್ಪ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಆ ವಿದ್ಯುತ್ ತುದಿಯಲ್ಲಿರುವ ರಿಲೇ ಎಂಬ ಸಾಧನವನ್ನು ತಲುಪುತ್ತಿರುವವರೆಗೆ ‘ಹಳಿ ಖಾಲಿ ಇದೆ’ ಎಂದರ್ಥ. ಗಾಡಿಯ ಗಾಲಿಗಳು ಬಂದೊಡನೆ ವಿದ್ಯುತ್ ಅವುಗಳ ಮೂಲಕವೇ ಹರಿದುಹೋಗಿ ರಿಲೇ ಬಿಡುಗಡೆಯಾಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಜೋರು ಮಳೆಯಲ್ಲಿ ಜಲ್ಲಿಯ ತುಂಬ ನೀರು ನಿಂತರೂ ವಿದ್ಯುತ್ ಸೋರಿಹೋಗಿ ಇದೇ ಆಗುತ್ತದೆ. ಗಾಡಿಯಿಲ್ಲ, ಆದರೂ ಸಿಗ್ನಲ್ ಕೆಂಪು! ಕೆಟ್ಟರೆ ಕೆಂಪಿಗೇ ತಿರುಗಬೇಕು ಎಂಬುದೇ ಈ ವ್ಯವಸ್ಥೆಯ ಮೂಲತತ್ತ್ವ. ಈಗ ಅನೇಕ ಕಡೆ ಗಾಡಿಯ ಅಚ್ಚುಗಳನ್ನು ಎಣಿಸುವ ಯಂತ್ರಗಳಿವೆ. ಅಲ್ಲಿಯೂ ಲೆಕ್ಕ ತಾಳೆಯಾಗದಿದ್ದರೆ ಕೆಂಪು ದೀಪವೇ.

ಬೇಸಿಗೆಯ ಕಾಟ ಬೇರೆ ಬಗೆಯದು. ಗಾಳಿಯ ಉಷ್ಣತೆ 42 ಡಿಗ್ರಿ ಇದ್ದಾಗ ಬಿಸಿಲಿಗೆ ಕಾದ ಹಳಿ 60 ಡಿಗ್ರಿಯನ್ನೂ ಮುಟ್ಟಬಲ್ಲದು. ತಡೆಯಿಲ್ಲದೆ ಬಿಟ್ಟರೆ ಒಂದು ಕಿಲೋಮೀಟರ್ ಉಕ್ಕಿನ ಹಳಿ 40 ಡಿಗ್ರಿ ಏರಿಕೆಗೆ ಸುಮಾರು 48 ಸೆಂಟಿಮೀಟರ್ ಹಿಗ್ಗುತ್ತದೆ. ಆದರೆ ಇಂದಿನ ಹಳಿಗಳನ್ನು ಉದ್ದಕ್ಕೂ ಬೆಸೆದು ಬಿಗಿದಿರುತ್ತಾರೆ. ಹಿಗ್ಗಲಾರದ ಹಳಿಯೊಳಗೆ ಒತ್ತಡ ಬೆಳೆಯುತ್ತದೆ. ಬಿಗಿದಾಗಿನ ಉಷ್ಣತೆಗಿಂತ 25 ಡಿಗ್ರಿ ಹೆಚ್ಚಾದರೆ ಒಂದೊಂದು ಹಳಿಯಲ್ಲಿಯೂ ಸುಮಾರು 45 ಟನ್ ಬಲ! ಬದಿಯ ಜಲ್ಲಿ ಸಡಿಲವಾಗಿದ್ದರೆ ಹಳಿ ಹಾವಿನಂತೆ ಬಾಗಬಹುದು. ಆದ್ದರಿಂದಲೇ ಸುಡುಬಿಸಿಲಿನ ಮಧ್ಯಾಹ್ನ ಸಿಬ್ಬಂದಿ ಹಳಿಯ ಗುಂಟ ನಡೆದು ನೋಡುತ್ತಾರೆ.

ಆದರೆ ಪ್ರಾಣಕ್ಕೆ ಎರವಾಗಬಲ್ಲ ನಿಜವಾದ ಶತ್ರು ನೀರು. ನಮ್ಮ ಎರೆಮಣ್ಣಿನ ಗುಣ ಈ ಭಾಗದ ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು, ಮಳೆಯಲ್ಲಿ ಉಬ್ಬಿ ಮೆತ್ತಗಾದ ಕೆಸರು. ಇಂಥ ನೆಲದ ಮೇಲೆ ಗಾಡಿ ಹಾಯ್ದಾಗ ಕೆಸರು ಮೇಲೆದ್ದು ಜಲ್ಲಿಯಲ್ಲಿ ಸೇರಿಕೊಳ್ಳುತ್ತದೆ. ನೀರು ಬಸಿಯುವುದಿಲ್ಲ, ಹಳಿ ಒಂದೆಡೆ ಕುಸಿಯುತ್ತದೆ. ಆಗ ಅಲ್ಲಿ ವೇಗ ಇಳಿಸದೆ ಗತ್ಯಂತರವಿಲ್ಲ.

ಇನ್ನು ಸೇತುವೆ. ಕಾಗಿಣಾ ನದಿ ಉಕ್ಕಿದರೆ ಊರೆಲ್ಲ ನೋಡಲು ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಳಖೇಡದ ರಸ್ತೆ ಸೇತುವೆಯೇ ಮುಳುಗಿತ್ತು. ದೊಡ್ಡ ರೈಲು ಸೇತುವೆಯ ಕಂಬದ ಮೇಲೆ ಅಪಾಯದ ಮಟ್ಟವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ನೀರು ಅಲ್ಲಿಗೆ ಮುಟ್ಟಿದರೆ ಗಾಡಿ ತಡೆಯುತ್ತಾರೆ. ಯಾರ ಕಣ್ಣಿಗೂ ಬೀಳದ ಸಣ್ಣ ಮೋರಿಗಳ ಕಥೆ ಹಾಗಲ್ಲ. 2005ರ ಅಕ್ಟೋಬರ್ 29ರಂದು ಹೈದರಾಬಾದಿನ ಪೂರ್ವಕ್ಕೆ, ನಲ್ಗೊಂಡ ಜಿಲ್ಲೆಯ ವಲಿಗೊಂಡದ ಬಳಿ, ಸಣ್ಣ ಸೇತುವೆಯೊಂದು ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಬೆಳಗಿನ ಜಾವ ಬಂದ ಡೆಲ್ಟಾ ಪ್ಯಾಸೆಂಜರ್ ಗಾಡಿ ನೀರಿಗುರುಳಿ ನೂರಕ್ಕೂ ಹೆಚ್ಚು ಜನ ಸತ್ತರು. 1956ರಲ್ಲಿ, ಗುಲ್ಬರ್ಗ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ, ಅದೇ ರಾಜ್ಯದ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಪ್ರಯಾಣಿಕರು ಮಡಿದಿದ್ದರು.

ಸಣ್ಣ ಸೇತುವೆಯ ಕಿಂಡಿ ಎಷ್ಟು ಅಗಲವಿರಬೇಕೆಂಬುದನ್ನು ಮಳೆಯ ಪ್ರಮಾಣ ಮತ್ತು ಹಳ್ಳಕ್ಕೆ ನೀರು ಬಂದು ಸೇರುವ ನೆಲದ ವಿಸ್ತೀರ್ಣದಿಂದ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ 50 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಆದರೆ ಮೇಲುಗಡೆಯ ಕೆರೆ ಒಡೆದರೆ ಬರುವ ನೀರಿಗೆ ಈ ಲೆಕ್ಕ ಸಾಲದು. ಕಿಂಡಿಯಲ್ಲಿ ಹಿಡಿಸದ ನೀರು ಏರಿಯ ಮೇಲೆ ಹತ್ತಿ, ಇಳಿಯುವಾಗ ಮಣ್ಣನ್ನು ಕಿತ್ತೊಯ್ಯುತ್ತದೆ. 2024ರ ಸೆಪ್ಟೆಂಬರ್ 1ರಂದು ತೆಲಂಗಾಣದ ಕೇಸಮುದ್ರಂ ಬಳಿ ಜಲ್ಲಿ, ಮಣ್ಣು ಎರಡೂ ಹೋಗಿ ಹಳಿಗಳು ಹಗ್ಗದಂತೆ ಗಾಳಿಯಲ್ಲಿ ತೂಗಾಡುತ್ತಿದ್ದವು. ಹಲವಾರು ಗಾಡಿಗಳು ರದ್ದಾದವು, ಅನೇಕವು ಸುತ್ತುಬಳಸಿ ಹೋದವು. ಆದರೆ ಯಾವ ಗಾಡಿಯೂ ಆ ಹಳಿಯ ಮೇಲೆ ಹೋಗಲಿಲ್ಲ.

ಹಳಿಗೆ ಅಪಾಯ ತರಬಲ್ಲ ಕೆರೆಗಳ ಪಟ್ಟಿಯೊಂದನ್ನು ರೈಲ್ವೆ ಇಟ್ಟುಕೊಂಡಿರುತ್ತದೆ. ಮಳೆಗಾಲಕ್ಕೆ ಮೊದಲು ರೈಲ್ವೆಯ ಮತ್ತು ರಾಜ್ಯ ಸರ್ಕಾರದ ಅಧಿಕಾರಿಗಳು ಕೂಡಿ ಅವುಗಳ ಏರಿ, ಕೋಡಿಗಳನ್ನು ಪರೀಕ್ಷಿಸಬೇಕೆಂಬುದು ನಿಯಮ. ಕೆರೆ ರೈಲ್ವೆಯದಲ್ಲ, ಹಳಿ ರಾಜ್ಯದ್ದಲ್ಲ. ಎರಡರ ನಡುವೆ ಜಾರಿಹೋಗಬಹುದಾದ ಕೆಲಸವಿದು. ಮಳೆಗಾಲದ ರಾತ್ರಿಗಳಲ್ಲಿ ಅಪಾಯಕಾರಿ ಸ್ಥಳಗಳಲ್ಲಿ ಕಾವಲುಗಾರರನ್ನು ನೇಮಿಸುತ್ತಾರೆ. ಹಳಿಯ ಗುಂಟ ಗಸ್ತು ತಿರುಗುವವನ ಬಳಿ ದೀಪ, ಸೀಟಿಗಳ ಜೊತೆಗೆ ಹಳಿಗೆ ಕಟ್ಟುವ ಪಟಾಕಿಯಂಥ ಡಿಟೋನೇಟರ್ ಇರುತ್ತದೆ. ಮುಂದೆ ಹಳಿ ಕೊಚ್ಚಿಹೋಗಿದ್ದರೆ ಅದನ್ನು ಸಾಕಷ್ಟು ದೂರದಲ್ಲಿಯೇ ಹಳಿಯ ಮೇಲೆ ಕಟ್ಟುತ್ತಾನೆ. ಗಾಲಿ ಹಾಯ್ದೊಡನೆ ಅದು ಸಿಡಿಯುತ್ತದೆ. ಸದ್ದು ಕೇಳಿದ ಚಾಲಕ ಬ್ರೇಕ್ ಹಾಕುತ್ತಾನೆ. ಗಾಡಿಯೊಳಗಿನವರಿಗೆ ತಿಳಿಯುವುದು ಇಷ್ಟೇ: ಕತ್ತಲಲ್ಲಿ, ಯಾವುದೋ ಹೊಲದ ನಡುವೆ, ಗಾಡಿ ನಿಂತಿದೆ.