ದೋಣಿಯಲ್ಲಿ ಸಿಹಿನೀರು

ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಫಾಲ್ಮತ್ ಬಂದರಿನಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟರು. ದೋಣಿಯ ಹೆಸರು ‘ಸುಹೈಲಿ’. ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಉದ್ದ ಕೇವಲ 32 ಅಡಿ. ದಾರಿಯಲ್ಲಿ ಟ್ಯಾಂಕಿನ ಕುಡಿಯುವ ನೀರು ಕೆಟ್ಟಿತು. ಮಳೆನೀರು ಹಿಡಿದಿಟ್ಟುಕೊಂಡು ಪಯಣ ಮುಂದುವರಿಸಿದ ಅವರು, 312 ದಿನಗಳ ಬಳಿಕ, ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿಯನ್ನು ಸುತ್ತಿಬಂದ ಮೊದಲಿಗರಾದರು.

ಸುತ್ತಲೂ ಇರುವ ನೀರನ್ನೇ ಕುಡಿಯಬಾರದೇಕೆ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಹೊರಹಾಕಲು ಮೂತ್ರಪಿಂಡಗಳಿಗೆ, ಕುಡಿದದ್ದಕ್ಕಿಂತಲೂ ಹೆಚ್ಚು ನೀರು ಬೇಕು. ಕುಡಿದಷ್ಟೂ ದೇಹ ಒಣಗುತ್ತದೆ!

ಹಾಗಾಗಿ ವಿಹಾರದ ಪುಟ್ಟ ದೋಣಿಯಲ್ಲೂ ಸಿಹಿನೀರಿನ ಟ್ಯಾಂಕ್ ಇರುತ್ತದೆ. ಅದು ಸೋರತೊಡಗಿದರೆ ಬದಲಿಸುವುದು ಸುಲಭವಲ್ಲ. ಎಷ್ಟೋ ದೋಣಿಗಳಲ್ಲಿ ಟ್ಯಾಂಕ್ ಕೂರಿಸಿದ ಮೇಲೆಯೇ ಮೇಲ್ಭಾಗವನ್ನು ಮುಚ್ಚಿರುತ್ತಾರೆ. ಹಳೆಯದನ್ನು ಒಳಗೇ ಕತ್ತರಿಸಿ, ತುಂಡು ತುಂಡಾಗಿ ಹೊರತೆಗೆಯಬೇಕಾಗುತ್ತದೆ. ಹೊಸದು ಬಾಗಿಲಲ್ಲಿ ತೂರುವಂತಿರಬೇಕು. ಕುಡಿಯುವ ನೀರಿಗೆ ಯೋಗ್ಯವಾದ ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು.

ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ. ಆದ್ದರಿಂದ ಟ್ಯಾಂಕನ್ನು ತೀರಾ ಕೆಳಗೆ, ಅಲುಗದಂತೆ ಬಿಗಿಯುತ್ತಾರೆ. ನೀರು ಕುಲುಕಾಡಿ ದೋಣಿಯ ಸಮತೋಲ ಕೆಡಿಸದಿರಲೆಂದು ಒಳಗೆ ಅಡ್ಡಫಲಕಗಳಿರುತ್ತವೆ. ಗಾಳಿಯಾಡಲು ಸಣ್ಣ ಕೊಳವೆಯೂ ಬೇಕು. ಒಳಗಿನ ಗಾಳಿ ಹೊರಹೋಗದಿದ್ದರೆ ನೀರು ಸರಾಗವಾಗಿ ತುಂಬದು.

ದೂರ ಹೋಗುವವರು ಒಂದು ದೊಡ್ಡ ಟ್ಯಾಂಕಿನ ಬದಲು ಎರಡು ಸಣ್ಣವನ್ನು ಇಡುವುದು ಜಾಣತನ. ಒಂದರ ನೀರು ಕೆಟ್ಟರೂ ಇನ್ನೊಂದು ಜೀವ ಉಳಿಸುತ್ತದೆ. ನಡುಗಡಲಿನಲ್ಲಿ ನಲ್ಲಿ ಎಲ್ಲಿದೆ?