ಕಿಟಕಿಯ ಬೆಳಕು

ಕ್ಯಾಮರಾದಿಂದ ತೆಗೆದ ಚಿತ್ರವನ್ನು ನಾವು ಛಾಯಾಚಿತ್ರವೆಂದು ಕರೆಯುತ್ತೇವೆ. ಛಾಯೆಯೆಂದರೆ ನೆರಳು. ಇಂಗ್ಲಿಷಿನ ‘ಫೋಟೋಗ್ರಫಿ’ ಎಂಬ ಮಾತಿಗಾದರೋ ಬೆಳಕಿನ ಬರಹವೆಂದು ಅರ್ಥ. ಗ್ರೀಕ್ ಮೂಲದ ಆ ಮಾತನ್ನು 1839ರಲ್ಲಿ ಬಳಕೆಗೆ ತಂದವರಲ್ಲಿ ಖಗೋಳವಿಜ್ಞಾನಿ ಸರ್ ಜಾನ್ ಹರ್ಷೆಲನು ಪ್ರಮುಖನು. ಒಂದೇ ಕಲೆಗೆ ಒಂದು ಭಾಷೆ ಬೆಳಕಿನ ಹೆಸರನ್ನಿಟ್ಟರೆ ಮತ್ತೊಂದು ನೆರಳಿನ ಹೆಸರನ್ನಿಟ್ಟಿತು. ಎರಡೂ ಸರಿಯೇ. ಬೆಳಕು ನೆರಳುಗಳು ಹದವಾಗಿ ಬೆರೆತಾಗಲೇ ಕಾಗದದ ಮೇಲಿನ ಮುಖಕ್ಕೆ ಜೀವಕಳೆ ಬರುತ್ತದೆ. ಈ ಹದವನ್ನು ಅರಿಯಲು ಬೆಲೆಬಾಳುವ ದೀಪಗಳು ಬೇಕಾಗಿಲ್ಲ. ಮನೆಯ ಒಂದು ಕಿಟಕಿ ಸಾಕು.

ನಡುಹಗಲಿನ ಬಿಸಿಲಿನಲ್ಲಿ ನಿಂತವರ ಮುಖವನ್ನು ಗಮನಿಸಬೇಕು. ಕಣ್ಣಿನ ಗುಳಿಗಳು ಕಪ್ಪಿಟ್ಟಿರುತ್ತವೆ, ಮೂಗಿನ ಕೆಳಗೆ ಕತ್ತರಿಸಿಟ್ಟಂತಹ ನೆರಳು ಬಿದ್ದಿರುತ್ತದೆ, ಹುಬ್ಬುಗಳು ಗಂಟಿಕ್ಕಿರುತ್ತವೆ. ಸೂರ್ಯನು ಎಷ್ಟೇ ದೊಡ್ಡವನಾದರೂ ಬಹು ದೂರದಲ್ಲಿರುವುದರಿಂದ ನಮಗೆ ಆಕಾಶದಲ್ಲೊಂದು ಸಣ್ಣ ಬಿಲ್ಲೆಯಾಗಿ ಕಾಣುತ್ತಾನೆ. ಬೆಳಕಿನ ಮೂಲವು ಚಿಕ್ಕದಾಗಿ ಕಂಡಷ್ಟೂ ನೆರಳಿನ ಅಂಚು ಹರಿತವಾಗುತ್ತದೆ. ಕಿಟಕಿಯ ರೀತಿಯೇ ಬೇರೆ. ನೇರವಾದ ಬಿಸಿಲು ಬೀಳದಿರುವಾಗ ಅದರ ಮೂಲಕ ಒಳಬರುವುದು ಆಕಾಶದ ಬೆಳಕು ಮತ್ತು ಎದುರಿನ ಗೋಡೆ, ಅಂಗಳಗಳಿಂದ ಮರಳಿ ಬಂದ ಬೆಳಕು. ಆಗ ಕಿಟಕಿಯೇ ಅಗಲವಾದ ದೀಪವಾಗುತ್ತದೆ. ಅದರ ಮೂಲೆಮೂಲೆಯಿಂದಲೂ ಕಿರಣಗಳು ಮುಖವನ್ನು ತಲುಪುವುದರಿಂದ ಬೆಳಕು ಮುಗಿದು ನೆರಳು ಮೊದಲಾಗುವ ಎಡೆ ಕಣ್ಣಿಗೆ ತಿಳಿಯದಷ್ಟು ಮೃದುವಾಗಿರುತ್ತದೆ. ಬಿಸಿಲು ನೇರವಾಗಿ ಒಳಗೆ ಬೀಳುತ್ತಿದ್ದರೆ ಸರಳುಗಳ ನೆರಳು ಮುಖದ ಮೇಲೆ ಬರೆ ಎಳೆದಂತೆ ಕಾಣುತ್ತದೆ. ಅಂತಹ ಹೊತ್ತಿನಲ್ಲಿ ತೆಳುವಾದ ಬಿಳಿಯ ಪಂಚೆಯೊಂದನ್ನು ಕಿಟಕಿಗೆ ಇಳಿಬಿಟ್ಟರೆ ಬಟ್ಟೆಯೇ ಬೆಳಕಿನ ಮೂಲವಾಗಿ ಬಿಸಿಲಿನ ಕಾಠಿಣ್ಯವನ್ನು ಕಳೆಯುತ್ತದೆ.

ಯಾವ ದಿಕ್ಕಿನ ಕಿಟಕಿ ಉತ್ತಮ? ಯೂರೋಪಿನ ಚಿತ್ರಕಾರರು ಉತ್ತರದ ಕಿಟಕಿಯನ್ನು ಮೆಚ್ಚಿದರು. ಆ ದೇಶಗಳಲ್ಲಿ ನಡುಹಗಲಿನ ಸೂರ್ಯನು ಎಂದೂ ಉತ್ತರಕ್ಕೆ ಬರುವುದಿಲ್ಲ. ಕರ್ನಾಟಕವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿದೆ. ಜೂನ್ ತಿಂಗಳಲ್ಲಿ ಇಲ್ಲಿ ನಡುಹಗಲಿನ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದ ಕಿಟಕಿಗೂ ಆಗ ಬಿಸಿಲು ಸೋಕುವುದುಂಟು. ಆದ್ದರಿಂದ ಪರದೇಶದ ನಿಯಮವನ್ನು ಕಂಠಪಾಠ ಮಾಡುವುದಕ್ಕಿಂತ ತಮ್ಮ ಮನೆಯ ಬೆಳಕನ್ನು ತಾವೇ ನೋಡಿ ತಿಳಿಯುವುದು ಲೇಸು. ಪೂರ್ವದ ಕಿಟಕಿಯ ಬೆಳಕು ಮಧ್ಯಾಹ್ನದ ಮೇಲೆ ಹಿತವಾಗಿರುತ್ತದೆ. ಪಶ್ಚಿಮದ ಕಿಟಕಿಯದು ಬೆಳಗಿನಲ್ಲಿ.

ಇನ್ನು ಚಿತ್ರಕ್ಕೆ ಕುಳಿತವರ ಸ್ಥಾನ. ಕಿಟಕಿಗೆ ನೇರವಾಗಿ ಮುಖಮಾಡಿ ಕುಳಿತರೆ ಬೆಳಕು ಸಮನಾಗಿ ಹರಡಿ, ಮುಖದ ಉಬ್ಬುತಗ್ಗುಗಳು ಮರೆಯಾಗುತ್ತವೆ. ಕಿಟಕಿಯು ಪಕ್ಕಕ್ಕೆ ಬರುವಂತೆ ಕುಳಿತರೆ ಒಂದು ಕೆನ್ನೆ ಬೆಳಗಿ ಇನ್ನೊಂದು ನೆರಳಿಗೆ ಸರಿಯುತ್ತದೆ; ಮೂಗು, ಗಲ್ಲ, ಹಣೆಗಳಿಗೆ ಆಕಾರ ಬರುತ್ತದೆ. ಮುಖವನ್ನು ತುಸುವೇ ಕಿಟಕಿಯತ್ತ ಹೊರಳಿಸಿದರೆ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಪುಟ್ಟ ತ್ರಿಕೋನವೊಂದು ಮೂಡುತ್ತದೆ. ಇಂತಹ ಬೆಳಕಿಗೆ ಹಾಲೆಂಡಿನ ವರ್ಣಚಿತ್ರಕಾರ ರೆಂಬ್ರಾಂಟನ ಹೆಸರೇ ನಿಂತಿದೆ. ನೆರಳು ತೀರ ಗಾಢವೆನಿಸಿದರೆ ಆ ಬದಿಯಲ್ಲಿ ಬಿಳಿಯ ಬಟ್ಟೆಯೊಂದನ್ನು ಹಿಡಿಯಬೇಕು. ಅದು ಕಿಟಕಿಯ ಬೆಳಕನ್ನೇ ಹಿಂದಕ್ಕೆ ಕಳುಹಿಸಿ ನೆರಳನ್ನು ತಿಳಿಯಾಗಿಸುತ್ತದೆ. ನೆರಳು ಇನ್ನೂ ಬೇಕೆನಿಸಿದರೆ ಬಿಳಿಯ ಬಟ್ಟೆಗೆ ಬದಲು ಕರಿಯ ಕಂಬಳಿಯನ್ನು ತೂಗುಹಾಕಬಹುದು. ಕೋಣೆಯ ವಿದ್ಯುದ್ದೀಪವನ್ನು ಆರಿಸುವುದು ಒಳ್ಳೆಯದು. ಅದರ ಬಣ್ಣವೂ ಹಗಲಿನ ಬಣ್ಣವೂ ಸಾಮಾನ್ಯವಾಗಿ ಹೊಂದುವುದಿಲ್ಲ. ಕಡೆಯದಾಗಿ, ಕುಳಿತವರ ಕಣ್ಣುಗಳನ್ನು ನೋಡಬೇಕು. ಕಣ್ಣಾಲಿಯಲ್ಲಿ ಕಿಟಕಿಯ ಕಿರುಬಿಂಬವೊಂದು ಮಿನುಗುತ್ತಿದ್ದರೆ ಆ ನೋಟಕ್ಕೆ ಜೀವವಿರುತ್ತದೆ.

ಒಳಮನೆಯ ಬೆಳಕು ಹೊರಗಿನ ಬೆಳಕಿಗಿಂತ ಬಹಳ ಕಡಿಮೆ. ನಮ್ಮ ಕಣ್ಣು ಕಡಿಮೆ ಬೆಳಕಿಗೆ ತಾನಾಗಿಯೇ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸವು ಅಷ್ಟಾಗಿ ತಿಳಿಯುವುದಿಲ್ಲ. ಕ್ಯಾಮರಾ ಮಾತ್ರ ತನ್ನ ರೆಪ್ಪೆಯನ್ನು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೈ ನಡುಗಿದರೆ ಚಿತ್ರವು ಕಲಸಿಹೋಗುತ್ತದೆ. ಆದುದರಿಂದ ಕ್ಯಾಮರಾವನ್ನು ಮುಕ್ಕಾಲಿಯ ಮೇಲಿರಿಸುವುದು, ಕುಳಿತವರು ಒರಗಿಕೊಳ್ಳಲು ಅನುಕೂಲ ಮಾಡಿಕೊಡುವುದು, ಅವರೊಡನೆ ನಾಲ್ಕು ಮಾತನಾಡಿ ಮುಜುಗರ ಕಳೆಯುವುದು, ಇವೆಲ್ಲವೂ ಈ ಕೆಲಸದ ಅಂಗಗಳೇ.

ಈ ತಾಳ್ಮೆಗೆ ದೊಡ್ಡ ನಿದರ್ಶನವೆಂದರೆ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಆಕೆ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. ತೀರಿಕೊಂಡದ್ದು 1879ರಲ್ಲಿ, ಸಿಂಹಳದಲ್ಲಿ. 1863ರಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿದ್ದಾಗ ಮಗಳೂ ಅಳಿಯನೂ ಆಕೆಗೊಂದು ಕ್ಯಾಮರಾವನ್ನು ಕಾಣಿಕೆಯಾಗಿ ಕೊಟ್ಟರು. ಕಲ್ಲಿದ್ದಲಿನ ಕೊಠಡಿಯು ಕತ್ತಲೆಕೋಣೆಯಾಯಿತು. ಕೋಳಿಗಳಿದ್ದ ಗಾಜಿನ ಮನೆಯು ಚಿತ್ರಶಾಲೆಯಾಯಿತು. ಗಾಜಿನ ಫಲಕಕ್ಕೆ ರಾಸಾಯನಿಕ ದ್ರವವನ್ನು ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಾಲವದು. ಕುಳಿತವರು ನಿಮಿಷಗಳ ಕಾಲ ಅಲುಗದೆ ಇರಬೇಕಾಗಿತ್ತು. ಚಿತ್ರಗಳು ಮಸುಕಾಗಿವೆಯೆಂದು ಟೀಕಿಸಿದವರುಂಟು. ಆಕೆ ಹಿಂಜರಿಯಲಿಲ್ಲ. ಮೊದಲಲ್ಲಿ ಹೇಳಿದ ಹರ್ಷೆಲನು ಆಕೆಯ ಹಳೆಯ ಸ್ನೇಹಿತ. 1867ರಲ್ಲಿ ಆಕೆ ತೆಗೆದ ಅವನ ಚಿತ್ರದಲ್ಲಿ ಮುಪ್ಪಿನ ಮುಖವೊಂದು ಕತ್ತಲೆಯೊಳಗಿಂದ ಎದ್ದುಬರುತ್ತದೆ. ಕೆದರಿದ ಬಿಳಿಗೂದಲಿನ ಮೇಲೆ, ಹಣೆಯ ಸುಕ್ಕುಗಳ ಮೇಲೆ ಬೆಳಕು ನಿಂತಿದೆ. ಆ ಸುಕ್ಕುಗಳಲ್ಲಿ ಒಂದನ್ನೂ ಆಕೆ ಅಳಿಸಲಿಲ್ಲ. ಆಕೆಯ ಮನೆಯ ಪರಿಚಾರಿಕೆ ಮೇರಿ ಹಿಲಿಯರಳೂ ಅದೇ ಕ್ಯಾಮರಾದ ಮುಂದೆ ಹಲವು ಬಾರಿ ಕುಳಿತಳು. ಚಿತ್ರದಲ್ಲಿ ದೇವಮಾತೆ ಮೇರಿಯಾಗಿ ಕಾಣಿಸಿಕೊಂಡಳು. ವಿಜ್ಞಾನಿಗೂ ಸೇವಕಿಗೂ ಸಂದ ಗೌರವ ಒಂದೇ.

ಛಾಯಾಗ್ರಹಣದ ಚರಿತ್ರೆಯಲ್ಲಿ ಇಂತಹ ಸಮದೃಷ್ಟಿ ಎಲ್ಲೆಡೆಯೂ ಇರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಮುದ್ರಣಶಾಲೆಗಳು ಬಣ್ಣದ ಚಿತ್ರಗಳ ಹದವನ್ನು ನೋಡಲು ಬಿಳಿಯ ಮೈಬಣ್ಣದ ರೂಪದರ್ಶಿಯ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡಿದ್ದವು. ಆ ಅಳತೆಗೆ ಒಗ್ಗದ ಕಪ್ಪು ಮುಖಗಳ ಸೂಕ್ಷ್ಮಗಳು ಚಿತ್ರದಲ್ಲಿ ಅಳಿಸಿಹೋಗುತ್ತಿದ್ದವು. ಇಂದು ಮೊಬೈಲ್ ಫೋನಿನಲ್ಲಿಯೇ ಕ್ಯಾಮರಾ ಇದೆ. ಅದರೊಡನೆ, ಮೈಬಣ್ಣವನ್ನು ಬೆಳ್ಳಗಾಗಿಸುವ, ಸುಕ್ಕುಗಳನ್ನು ಒರೆಸಿಹಾಕುವ ತಂತ್ರಗಳೂ ಇವೆ. ಎಳೆಯ ಹುಡುಗಿಯೊಬ್ಬಳು ತನ್ನ ಶ್ಯಾಮಲವರ್ಣದ ಮುಖವನ್ನು ಆ ತಂತ್ರಕ್ಕೆ ಒಪ್ಪಿಸಿ ಬಿಳಿಚಿಕೊಂಡ ಚಿತ್ರವನ್ನು ಮೆಚ್ಚಿಕೊಂಡಾಗ, ಅವಳು ಕಳೆದುಕೊಳ್ಳುವುದು ಬಣ್ಣವನ್ನಷ್ಟೇ ಅಲ್ಲ. ತನ್ನ ಮುಖವು ಇದ್ದಂತೆಯೇ ಚೆನ್ನಾಗಿದೆ ಎಂಬ ನಂಬಿಕೆಯನ್ನು.

ಅದೇ ಹುಡುಗಿಯನ್ನು ಕಿಟಕಿಯ ಪಕ್ಕದಲ್ಲಿ ಕೂರಿಸಿ ನೋಡಬೇಕು. ಕಪ್ಪು ಕೆನ್ನೆಯ ಮೇಲೆ ಬೆಳಕು ನಯವಾದ ಹೊಳಪಾಗಿ ಜಾರುತ್ತದೆ. ಅದು ಬಣ್ಣವನ್ನು ಮರೆಮಾಡುವುದಿಲ್ಲ, ಆಕಾರವನ್ನು ತೋರಿಸುತ್ತದೆ. ಅವಳ ಅಜ್ಜಿಯನ್ನು ಅದೇ ಸ್ಥಳದಲ್ಲಿ ಕೂರಿಸಿದರೆ ಸುಕ್ಕುಗಳು ದೋಷವಾಗಿ ಕಾಣುವುದಿಲ್ಲ. ಬಾಳಿದ ಬಾಳಿನ ಗುರುತುಗಳಾಗಿ ಕಾಣುತ್ತವೆ. ಕಿಟಕಿ ತನ್ನ ಪಾಲಿನ ಕೆಲಸವನ್ನು ದಿನವೂ ಮಾಡುತ್ತಿದೆ. ಚಿತ್ರ ತೆಗೆಯುವವನ ಪಾಲಿಗೆ ಉಳಿದಿರುವುದು, ಗುಂಡಿಯನ್ನು ಒತ್ತುವ ಮುನ್ನ ತುಸು ಹೊತ್ತು ನಿಂತು ಎದುರಿಗಿರುವ ಮುಖವನ್ನು ಗೌರವದಿಂದ ನೋಡುವುದು.